ಬೋರಮ್ಮನ ಕಂಚಿನ ಬಟ್ಟಲು

ಶಕುನ, ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ನನ್ನಂಥ ಮೂಳೆ ವೈದ್ಯನಿಗೆ ಎಕ್ಸ್‌ರೇಯಲ್ಲಿ ಕಂಡದ್ದೇ ನಿಜ. ಈಗಲೂ ಹಾಗೇ ಅನ್ನುತ್ತೇನೆ, ಇದೊಂದನ್ನು ಬಿಟ್ಟು.

ಕೆಲವು ವರ್ಷಗಳ ಹಿಂದೆ ಚಳ್ಳಕೆರೆಯ ಒಂದು ಆಸ್ಪತ್ರೆಯಲ್ಲಿದ್ದೆ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಯ ಓಬಣ್ಣ, ಕುರಿ ಕಾಯುವವನು, ಬಂಡೆಯಿಂದ ಜಾರಿ ಬಿದ್ದು ಬಂದ. ತೊಡೆಮೂಳೆಯ ಗುಂಡು ಕೂರುವ, ಬಟ್ಟಲಿನಂಥ ಸೊಂಟದ ಕುಳಿ ಸೀಳಿಹೋಗಿತ್ತು. ಅದು ಸರಿಯಾಗಿ ಕೂಡದಿದ್ದರೆ ಅವನು ಮತ್ತೆ ಗುಡ್ಡ ಹತ್ತುವಂತಿರಲಿಲ್ಲ. ಅವನ ತಾಯಿ ಬೋರಮ್ಮನಿಗೆ ತಿಳಿಯಲೆಂದು, "ನಿಮ್ಮ ಮಗನ ಬಟ್ಟಲು ಒಡೆದೈತೆ ಕಣಮ್ಮ" ಅಂದೆ. ಆಕೆ ಅಂದೇ ಊರಿನ ಬಸ್ಸು ಹತ್ತಿದಳು.

ಸ್ಕ್ಯಾನಿನಲ್ಲಿ ಸೀಳು ಮುಂಭಾಗದಲ್ಲಷ್ಟೇ ಕಂಡಿತ್ತು. ಮುಂದಿನಿಂದ ಒಂದೇ ಪ್ಲೇಟು ಹಾಕಿದರೆ ಕೊಯ್ಯುವುದು ಕಡಿಮೆ, ರಕ್ತ ಹೋಗುವುದೂ ಕಡಿಮೆ. ಹಿಂದಕ್ಕೂ ಒಂದು ಹಾಕಿದರೆ ಹಿಡಿತ ಗಟ್ಟಿ, ಆದರೆ ರೋಗಿಯನ್ನು ಮಗ್ಗುಲು ಹೊರಳಿಸಿ ಮತ್ತೆ ಕೊಯ್ಯಬೇಕು, ಕಾಲಿನ ದೊಡ್ಡ ನರ ಹಾಯುವುದೂ ಅಲ್ಲೇ. ಜೊತೆಗಿದ್ದ ಡಾಕ್ಟರು ಎರಡೂ ಇರಲಿ ಎಂದರು. ಒಂದೇ ಸಾಕೆಂದು ನಾನು ಹಟ ಹಿಡಿದೆ.

ಆಪರೇಷನ್ನಿನ ದಿನ ಬೆಳಿಗ್ಗೆ ಬೋರಮ್ಮ ಸೆರಗಿನಲ್ಲಿ ಸುತ್ತಿ ತಂದ ಕಂಚಿನ ಬಟ್ಟಲನ್ನು ನನ್ನ ಮೇಜಿನ ಮೇಲಿಟ್ಟಳು. ಓಬಣ್ಣ ಅಂಬಲಿ ಕುಡಿಯುತ್ತಿದ್ದ ಬಟ್ಟಲಂತೆ. ನಾನು ಹೇಳಿದ್ದು ಅದನ್ನೇ ಎಂದುಕೊಂಡು ಮನೆಗೆ ಹೋಗಿ ನೋಡಿದ್ದಳು. ನನಗೆ ನಗು ಬಂತು. ಎತ್ತಿ ನೋಡಿದರೆ ಸೀಳು ಒಂದು ಅಂಚಿನಿಂದ ಹೊರಟು, ತಳ ಹಾದು, ಎದುರಿನ ಅಂಚು ಮುಟ್ಟಿತ್ತು.

"ಇದ್ನ ಬೆಸೆದ್ರೆ ಅವ್ನು ನಡೀತಾನಾ ಸಾರ್?" ಎಂದು ಕೇಳಿದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಕಳಿಸಿದೆ.

ಮುಂದಿನ ಪ್ಲೇಟು ಚೆನ್ನಾಗಿ ಕೂತಿತು. ಇನ್ನೇನು ಹೊಲಿಗೆ ಹಾಕಬೇಕು, ಎದುರಿನ ಅಂಚಿನವರೆಗೂ ಸೀಳಿದ್ದ ಆ ಬಟ್ಟಲು ಕಣ್ಣಮುಂದೆ ಬಂತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಎಕ್ಸ್‌ರೇ ಯಂತ್ರದ ಕೆಳಗೆ ಕಾಲನ್ನು ಒತ್ತಿ ನೋಡಿದೆ. ಕುಳಿಯ ಹಿಂಭಾಗದಲ್ಲಿ ಕೂದಲೆಳೆಯಂಥ ಗೆರೆ ಬಾಯಿಬಿಟ್ಟಿತು. ಹಾಗೇ ಮುಚ್ಚಿದ್ದರೆ ಓಬಣ್ಣನ ಕಾಲಿನ ಕತೆ ಮುಗಿಯುತ್ತಿತ್ತು. ಹೊರಳಿಸಿ ಎರಡನೆಯ ಪ್ಲೇಟು ಹಾಕಿದೆವು.

ಓಬಣ್ಣ ಈಗ ಗುಡ್ಡ ಹತ್ತುತ್ತಾನೆ. ಸ್ಕ್ಯಾನಿನಲ್ಲಿ ಸಣ್ಣ ಸೀಳು ತಪ್ಪಿಹೋಗುವುದುಂಟು, ಅಷ್ಟನ್ನು ನಾನು ವಿವರಿಸಬಲ್ಲೆ. ಮಗನನ್ನು ಕರೆದುಕೊಂಡು ಹೊರಟ ದಿನ ಬೋರಮ್ಮನನ್ನು, ಬಟ್ಟಲು ಯಾವಾಗ ಬಿದ್ದು ಒಡೆಯಿತು ಎಂದು ಕೇಳಿದೆ.

"ಬಿದ್ದಿಲ್ಲ ಸಾರ್. ನೀವು ಹೇಳೋಗಂಟ ಚೆನ್ನಾಗೇ ಇತ್ತು" ಅಂದಳು. ಮಾತಿನಲ್ಲಿ ದೂರು ಇರಲಿಲ್ಲ.

ಅಂದಿನಿಂದ ರೋಗಿಗಳ ಮನೆಯವರ ಮುಂದೆ ನಾನು ಬಟ್ಟಲು ಎನ್ನುವುದಿಲ್ಲ. ಅವರಿಗೆ ತಿಳಿಯದಿದ್ದರೂ ಚಿಂತೆಯಿಲ್ಲ, ಸೊಂಟದ ಕೀಲು ಎಂದಷ್ಟೇ ಹೇಳುತ್ತೇನೆ.