ಹತ್ತು ಲಕ್ಷದ ಮೂರು

ನಾಲ್ಕು ಜನರ ಮುಂದೆ ನಿಂತರೆ ಮಾತು ತಡವರಿಸುವುದು ನನ್ನ ಹುಟ್ಟುಗುಣ. ಚಾಮರಾಜನಗರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುವಾಗ ಗಣಿತದ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಂಚಿ, ಅದರ ಗುಣವನ್ನು ಸೆಮಿನಾರಿನಲ್ಲಿ ವಿವರಿಸಿ ಎಂದರು. ನನ್ನ ಪಾಲಿಗೆ ಬಂದದ್ದು ಹತ್ತು ಲಕ್ಷದ ಮೂರು. ಒಂದು ಮತ್ತು ತಾನು, ಇವೆರಡನ್ನು ಬಿಟ್ಟು ಯಾವುದಕ್ಕೂ ಬಗ್ಗದ ಅವಿಭಾಜ್ಯ ಸಂಖ್ಯೆ. ಫೋನಿನಲ್ಲಿ ಒತ್ತಿದರೆ ಅಷ್ಟು ಗೊತ್ತಾಗುತ್ತದೆ. ಮೇಷ್ಟ್ರಿಗೆ ಅದು ಯಾಕೆ ಎಂಬ ವಿವರಣೆ ಬೇಕಿತ್ತು. ಹಿಂದಿನ ಸಲ ಜ್ವರ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲವೂ ಹೋಗದಿದ್ದರೆ ಇಂಟರ್ನಲ್ ಮಾರ್ಕ್ಸಿಗೆ ಎಳ್ಳುನೀರು.

ಭಾನುವಾರ ತೆರಕಣಾಂಬಿಯ ನಮ್ಮ ಮನೆಯ ಜಗಲಿಯಲ್ಲಿ ಅವ್ವ ಹುರುಳಿ ಅಳೆಯುತ್ತಿದ್ದಳು. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಕೆ. ಅಳೆದು ಮುಗಿಸಿ ನನ್ನನ್ನು ನೋಡಿದಳು.

"ಮಕ ಯಾಕಮ್ಮಿ ಇಂಗ್ ಮಾಡ್ಕಂಡಿದ್ದೀಯೆ? ನಂಗೇ ಒಪ್ಪಿಸ್ಬುಡು, ನಾನೇನ್ ಮೇಷ್ಟ್ರಾ?"

ಅವ್ವ ಓದಿದ್ದು ಮೂರನೇ ಕ್ಲಾಸು. ಹನ್ನೆರಡು ಕಾಳನ್ನು ಮೂರು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಜೋಡಿಸಿದೆ. ಹದಿಮೂರನ್ನು ಹಾಗೆ ಸಮನಾಗಿ ಜೋಡಿಸಲಾಗದು, ನನ್ನ ಹತ್ತು ಲಕ್ಷದ ಮೂರೂ ಆ ಜಾತಿಯದೇ ಎಂದೆ. ಸಾವಿರದವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು ಎಂದು ನೋಟ್ಸಿನ ಮಾತು ಒದರಿದೆ.

"ಸಾವ್ರಕ್ಕೇ ಯಾಕ್ ನಿಲ್ಲುಸ್ಬುಟ್ಟೆ? ಅದ್ರಾಚೆ ಯಾವ್ದಾರ ಇದ್ರೆ?"

ಬಾಯಿಪಾಠದ ಬಂಡವಾಳ ಅಲ್ಲಿಗೆ ಮುಗಿಯಿತು. ಅವ್ವ ಕೂತಲ್ಲಿಂದ ಎದ್ದು ಕಾಳಿನ ಸಾಲುಗಳ ಇನ್ನೊಂದು ಪಕ್ಕಕ್ಕೆ ಬಂದು ಕೂತಳು.

"ಆ ಕಡೆಯಿಂದ ಮೂರ್ ಸಾಲು, ಈ ಕಡೆಯಿಂದ ನಾಕ್ ಸಾಲು. ಒಂದ್ ಕಡೆ ದೊಡ್ಡದಾದ್ರೆ ಇನ್ನೊಂದ್ ಕಡೆ ಚಿಕ್ಕದಾಗ್ಲೇಬೇಕಲ್ಲ ಕಣಮ್ಮಿ. ಚಿಕ್ಕದ್ನ ನೀನು ಆಗ್ಲೇ ನೋಡ್ಬುಟ್ಟಿರ್ತೀಯೆ."

ಸಾವಿರ ಸಾಲಿಗೆ ಸಾವಿರ ಸಾವಿರ ಕಾಳಿಟ್ಟರೇ ಹತ್ತು ಲಕ್ಷ. ಎರಡು ಕಡೆಯೂ ಸಾವಿರ ದಾಟಿದರೆ ನನ್ನ ಸಂಖ್ಯೆಯನ್ನೇ ಮೀರಿಬಿಡುತ್ತದೆ! ಮೂರು ವರ್ಷ ಓದಿಯೂ ಹೊಳೆಯದ್ದು ಅವ್ವನಿಗೆ ಕೂತ ಜಾಗ ಬದಲಿಸಿದ್ದಕ್ಕೆ ಹೊಳೆದಿತ್ತು.

ಸೋಮವಾರ ಹಿಡಿ ಹುರುಳಿ ಒಯ್ದು ಮೇಷ್ಟ್ರ ಮೇಜಿನ ಮೇಲೆ ಹರಡಿದೆ. ಗಾಬರಿಯಲ್ಲಿ, "ಇದು ಲಾಭದಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುತ್ತದೆ" ಎಂದುಬಿಟ್ಟೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನನಗೂ ನಗು ಬಂತು, ನಕ್ಕ ಮೇಲೆ ಮಾತೂ ಬಂತು. ಕೊನೆಗೆ ಮೇಷ್ಟ್ರು, ಇಷ್ಟು ಸಲೀಸಾಗಿ ಯಾರಮ್ಮ ಹೇಳಿಕೊಟ್ಟಿದ್ದು ಎಂದು ಕೇಳಿದರು.

"ಯಾವುದೋ ಪುಸ್ತಕದಲ್ಲಿತ್ತು ಸಾರ್" ಎಂದೆ.

ಯಾಕೆ ಹಾಗೆಂದೆನೋ. ಊರಿನ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನನ್ನ ಮೇಲೇ ಅಸಹ್ಯ. ಮನೆಗೆ ಬಂದವಳೇ ಅವ್ವನ ಮುಂದೆ ಎಲ್ಲ ಹೇಳಿಬಿಟ್ಟೆ, ಬೈಯಲಿ ಎಂದು. ಅವ್ವನ ಮುಖ ಅರಳಿತು.

"ಅಂಗಾದ್ರೆ ನಾನಂದಿದ್ದು ಪುಸ್ತಕದಲ್ಲೂ ಐತೇನಮ್ಮಿ?"

"ಐತೆ ಕಣವ್ವ" ಎಂದೆ. ಅವ್ವ ಆ ಖುಷಿಯಲ್ಲೇ ಪಕ್ಕದ ಮನೆಯವರಿಗೆ ಹೇಳಲು ಹೋದಳು.