ಗುಮಾಸ್ತರ ‘ಇಲ್ಲ’

ಎಪ್ಪತ್ತನೇ ಇಸವಿಯ ಆಸುಪಾಸಿನಲ್ಲಿ ಹುಣಸೂರಿನ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ರೋಗಿಗಳ ಕಾರ್ಡು ಕಾಯಲು ಅಲ್ಲೊಬ್ಬ ಗುಮಾಸ್ತರಿದ್ದರು. ಕಾಯುತ್ತಿದ್ದದ್ದು ಕಾರ್ಡನ್ನಲ್ಲ, ಕುರ್ಚಿಯನ್ನು. ಊರಿಗೊಂದು ಡ್ರಾಯರು. ವೈದ್ಯರು ಕಾರ್ಡು ಕೇಳಿದರೆ ಆ ಮಹಾನುಭಾವರು ಎಲೆಅಡಿಕೆ ಜಗಿಯುತ್ತಲೇ ‘ಇಲ್ಲ’ ಅನ್ನುತ್ತಿದ್ದರು. ಇಲಿ ತಿಂದಿದ್ದರೂ ಇಲ್ಲ, ಬೀಗದ ಕೈ ಮನೆಯಲ್ಲಿ ಮರೆತಿದ್ದರೂ ಇಲ್ಲ, ಎದ್ದು ನೋಡುವ ಮನಸ್ಸಿಲ್ಲದಿದ್ದರೂ ಇಲ್ಲ. ಕಾರ್ಡಿಲ್ಲ ಅಂದರೆ ಹೊಸ ರೋಗಿ, ಹಿಂದಿನ ತೊಂದರೆ ಏನೂ ಇಲ್ಲ ಎಂದು ವೈದ್ಯರು ಬರೆಯುತ್ತಿದ್ದರು. ನಾನು ಸೂಜಿ ಚುಚ್ಚುತ್ತಿದ್ದೆ.

ಒಂದು ಮಳೆಗಾಲದ ಬೆಳಿಗ್ಗೆ ಮಿರ್ಲೆಯಿಂದ ಬಾಣಂತಿಯೊಬ್ಬಳನ್ನು ಕರೆತಂದರು. ಮೈ ಕೆಂಡ, ಬಾಯಲ್ಲಿ ಮಾತಿಲ್ಲ. ವೈದ್ಯರು ಪೆನ್ಸಿಲಿನ್ ಬರೆದು ಕಾರ್ಡು ಕೇಳಿದರು. ‘ಇಲ್ಲ’ ಎಂದು ಉತ್ತರ ಬಂತು. ನಾನು ಸಿರಿಂಜಿಗೆ ಔಷಧಿ ಎಳೆದುಕೊಂಡೆ.

ಜೊತೆಗಿದ್ದ ಅತ್ತೆ ಗೊಣಗಿದಳು: “ಮೊದ್ಲುನೇ ಎರಿಗೆ ತವರ್ನಲ್ಲಾಯ್ತು ಕಣವ್ವಾ, ಕಟ್ಟೆಮಳಲವಾಡೀಲಿ. ಆಗ್ಲೂ ಇಲ್ಲಿಗೇ ಬಂದಿದ್ರಂತೆ. ಏನ್ ಕೊಟ್ರೋ ಏನ್ ಬುಟ್ರೋ, ನಂಗೊತ್ತಿಲ್ಲ.”

ನನ್ನ ಕೈ ನಿಂತಿತು. ಗುಮಾಸ್ತರ ಬಳಿ ಹೋಗಿ, “ಕಟ್ಟೆಮಳಲವಾಡಿ ಡ್ರಾಯರು ನೋಡಿದ್ರಾ?” ಎಂದೆ.

“ಅದು ಮಳೆಗೆ ಊದ್ಕಂಡು ತಿಂಗ್ಳಾಯ್ತು, ಎಳುದ್ರೆ ಬರಾಕಿಲ್ಲ ಕಣ್ರೀ. ಆ ಊರೋರು ಯಾರ್ ಬಂದ್ರೂ ಇಲ್ಲ ಅಂತೀನಿ.”

“ತೆಗೆಯೋಕೆ ಆಗಲಿಲ್ಲ ಅನ್ನೋದಕ್ಕೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಬೇಡವೇನ್ರೀ?”

“ಎರಡ್ರಲ್ಲೂ ಕಾರ್ಡು ಕೈಗೆ ಬರಾಕಿಲ್ವಲ್ಲಾ ಸಿಸ್ಟ್ರೇ!” ಎಂದು ಹಲ್ಲು ಕಿರಿದರು. ಥೂ, ಅವರ ಜನ್ಮಕ್ಕೆ!

ಬ್ಯಾಂಡೇಜು ಕತ್ತರಿ ತುರುಕಿ ಮೀಟಿದೆ. ಮೂರನೇ ಸಲಕ್ಕೆ ಡ್ರಾಯರು ಬಂತು. ಅವಳ ಕಾರ್ಡು ಮೇಲೆಯೇ ಇತ್ತು, ಕೆಂಪು ಶಾಯಿಯಲ್ಲಿ ‘ಪೆನ್ಸಿಲಿನ್ ಕೊಡಕೂಡದು’ ಎಂದು ಬರೆದಿತ್ತು. ಸಿರಿಂಜನ್ನು ಮೋರಿಗೆ ಖಾಲಿ ಮಾಡಿದೆ. ವೈದ್ಯರು ಬೇರೆ ಔಷಧಿ ಬರೆದರು, ಬಾಣಂತಿ ಉಳಿದಳು. ಕಾರ್ಡು ಹುಡುಕಿಕೊಟ್ಟ ಪುಣ್ಯಾತ್ಮ ಎಂದು ಅತ್ತೆ ಹೋಗಿ ಗುಮಾಸ್ತರಿಗೆ ಕೈಮುಗಿದಳು. ಆ ನಾಚಿಕೆಗೆಟ್ಟ ಮನುಷ್ಯ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದರು.

ಡ್ರಾಯರು ನನ್ನ ಮುಂದೆ ತೆರೆದೇ ಇತ್ತು. ಹದಿನೈದು ದಿನದ ಹಿಂದೆ ಅದೇ ಊರಿನ ಹುಡುಗಿಯೊಬ್ಬಳಿಗೆ, ಅವರ ‘ಇಲ್ಲ’ವನ್ನೇ ನಂಬಿ ಪೆನ್ಸಿಲಿನ್ ಚುಚ್ಚಿದ್ದೆ. ಮೈ ಊದಿ, ಉಸಿರು ಕಟ್ಟಿ, ನನ್ನ ಕೈ ಹಿಡಿದುಕೊಂಡೇ ಸತ್ತಳು. ಜ್ವರ ನೆತ್ತಿಗೇರಿತು ಎಂದು ಅವಳ ತಾಯಿಗೆ ಹೇಳಿದವಳೂ ನಾನೇ. ಅವಳಿಗೂ ಒಂದು ಕಾರ್ಡಿದ್ದರೆ ಇದರಲ್ಲೇ ಇರಬೇಕು. ಕೈ ಚಾಚಿದೆ. ಅದರಲ್ಲೂ ಕೆಂಪು ಶಾಯಿ ಇದ್ದರೆ ಎಂದು ಹೆದರಿಕೆಯಾಯಿತು. ಹುಡುಕದೆಯೇ ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿಬಿಟ್ಟೆ.