ಮುಳುಗುಮಾವ ಮತ್ತು ಅಣ್ಣನ ದೋಣಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಳಿತದ ನೀರಿನಲ್ಲಿ ಎದೆಮಟ್ಟ ನಿಂತವರೊಬ್ಬರು ಹಳೆಯ ಮೀನುದೋಣಿಯ ಹೊಟ್ಟೆಯನ್ನು ಬರಿಗೈಯಲ್ಲಿ ತಡವುತ್ತಿದ್ದಾರೆ. ಕಣ್ಣು ಮುಚ್ಚಿದೆ. ದಡದ ಕಲ್ಲಿನ ಮೇಲೆ ಕುಳಿತ ಅವರ ಅಣ್ಣನಿಗೆ ತಾಳ್ಮೆ ಕಡಿಮೆ.

"ಏನಾದ್ರೂ ಸಿಕ್ತೇನೋ?"

"ಸುಮ್ನಿರಣ್ಣ, ಇನ್ನೂ ಅರ್ಧ ಇದೆ."

ಈ ಬಂದರಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಮುಳುಗುಮಾವ ಎಂದು. ಯಜಮಾನರು ಕೈಬಿಟ್ಟ, ನೀರಿನಲ್ಲೇ ಕೊಳೆಯುತ್ತಿರುವ ದೋಣಿಗಳನ್ನು ಹೊರಗೆ ತೆಗೆಯುವುದು ಅವರ ಕೆಲಸ. ಬಂದರು ಕಚೇರಿ ಕರೆದಾಗ ಹೋಗುತ್ತಾರೆ. ಕರೆಯದಿದ್ದರೂ ಹೋಗಿ ಒಂದು ಸುತ್ತು ನೋಡಿಕೊಂಡು ಬರುತ್ತಾರೆ. ಕಳೆದ ವರ್ಷ ಹನ್ನೊಂದು ದೋಣಿ ತೆಗೆದಿದ್ದಾರೆ. ಪತ್ರಿಕೆಯಲ್ಲಿ ಒಂದು ಸಾಲೂ ಬಂದಿಲ್ಲ. "ದೋಣಿ ನೀರಿಗಿಳಿದ್ರೆ ಫೋಟೋ ತೆಗೀತಾರೆ. ದಡಕ್ಕೆ ಬಂದ್ರೆ ಯಾರು ತೆಗೀತಾರೆ?" ಎಂದು ನಗುತ್ತಾರೆ.

ಮೊದಲು ಇಲ್ಲಿ ಇಂಥ ದೋಣಿಗಳಿಗೆ ಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ದರದರನೆ ಎಳೆಯುತ್ತಿದ್ದರು. ನೀರಿನ ತಳದಲ್ಲಿ ಬೆಳೆದ ಕಡಲಹುಲ್ಲು ಬುಡಸಮೇತ ಕಿತ್ತು ಬರುತ್ತಿತ್ತು. ಮರಿ ಸಿಗಡಿ, ಮರಿ ಮೀನು ಅಡಗಿ ಬೆಳೆಯುವುದು ಆ ಹುಲ್ಲಿನಲ್ಲೇ. ಮುಳುಗುಮಾವ ಎಳೆಯುವುದಿಲ್ಲ. ಇಳಿತದಲ್ಲಿ ಎಣ್ಣೆ ತೆಗೆದು, ತೂತುಗಳಿಗೆ ಬಟ್ಟೆ ತುರುಕಿ, ದೋಣಿಯ ಎರಡೂ ಪಕ್ಕಕ್ಕೆ ಖಾಲಿ ಡ್ರಮ್ಮು ಕಟ್ಟಿ ಸುಮ್ಮನೆ ಕಾಯುತ್ತಾರೆ. ಉಬ್ಬರ ಬಂದು ದೋಣಿಯನ್ನು ತಾನೇ ಎತ್ತಿಕೊಡುತ್ತದೆ.

ಹೀಗಾಗಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಡ್ರಮ್ಮುಗಳೇ ಅತಿಥಿಗಳು. ಅಡುಗೆಮನೆಯ ಬಾಗಿಲು ಯಾವುದೋ ದೋಣಿಯದು. ಗಾಳಿ ಬೀಸಿದರೆ ಕಿರ್ರೆನ್ನುತ್ತದೆ. "ಮದುವೆಯಾದಾಗ ಮೀನಿನ ವಾಸನೆ ಅಂತ ಮೂಗು ಮುಚ್ಕೋತಿದ್ದೆ. ಈಗ ಡೀಸೆಲ್ ವಾಸನೆ. ಮೀನೇ ವಾಸಿ ಇತ್ತು," ಎನ್ನುವ ಹೆಂಡತಿ, ಗಂಡನ ಶರಟನ್ನು ಮೂರನೇ ಸಲ ಸೋಪಿನಲ್ಲಿ ಉಜ್ಜುತ್ತಾರೆ.

ಇಂದಿನ ದೋಣಿಯ ಕತೆ ಬೇರೆ. ಅದು ಅಣ್ಣನದೇ. ಮುಳುಗುಮಾವ ಕಡಲ ಕೆಲಸ ಕಲಿತದ್ದೂ ಅದರಲ್ಲೇ. ಎಂಜಿನ್ ಕೆಟ್ಟ ಮೇಲೆ ಅಣ್ಣ ಪ್ರತಿ ವರ್ಷ "ಬರೋ ವರ್ಷ ರಿಪೇರಿ" ಎನ್ನುತ್ತ ಬಂದರು, ದೋಣಿ ನೀರಿನಲ್ಲೇ ಕುಸಿದು ಕೂತಿತು. ಊರವರು ಆಡಿಕೊಂಡರು: "ಊರಿನ ದೋಣಿ ಎಲ್ಲಾ ತೆಗೀತಾನೆ, ಮನೆ ದೋಣಿ ಕಣ್ಣಿಗೆ ಬೀಳಲ್ಲ." ಆ ಮಾತು ತಮ್ಮನಿಗೆ ಚುಚ್ಚುತ್ತಿತ್ತು. ಆದರೆ ಅಣ್ಣನ ಬಾಯಿಂದ ಹೂಂ ಬಾರದೆ ಹಗ್ಗ ಮುಟ್ಟಲು ಮನಸ್ಸಿಲ್ಲ. ಕೊನೆಗೊಂದು ದಿನ ಅಣ್ಣನಿಗೆ ನೀರಿನ ಕನ್ನಡಕ ತೊಡಿಸಿ ಕೆಳಗೆ ಕರೆದೊಯ್ದರು. ಸುತ್ತ ಹಸಿರು ಹುಲ್ಲು, ಬಿಸಿಲು ತಾಗದ ದೋಣಿಯ ಅಡಿಯಲ್ಲಿ ಮಾತ್ರ ಬೋಳು ಕೆಸರು. ಮೇಲೆ ಬಂದ ಅಣ್ಣ ಮುಖ ಒರೆಸಿಕೊಂಡು, "ತಗೊಂಡು ಹೋಗು," ಎಂದಷ್ಟೇ ಹೇಳಿದರು.

ಕಳೆದ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಎಲ್ಲ ಸಿದ್ಧವಾಗಿತ್ತು. ಡ್ರಮ್ಮು ಕಟ್ಟುವ ಮುನ್ನ ದೋಣಿಯ ಅಡಿಯನ್ನು ಬರಿಗೈಯಲ್ಲಿ ತಡವಿ ನೋಡುವುದು ಮುಳುಗುಮಾವನ ರೂಢಿ. ಕೈಗೆ ಕಪ್ಪು ದ್ರಾಕ್ಷಿಯಂಥ ಗೊಂಚಲು ಸಿಕ್ಕಿತು. ಮಸಿ ಉಗುಳುವ ಬೊಂಡಾಸ್ ಮೀನಿನ ಮೊಟ್ಟೆಗಳು. ದೋಣಿ ದಡಕ್ಕೆ ತಂದರೆ ಇವು ಒಣಗಿಹೋಗುತ್ತವೆ, ಇವತ್ತು ಆಗುವುದಿಲ್ಲ ಎಂದಾಗ ಅಣ್ಣ ರೇಗಿದರು: "ಇಷ್ಟು ವರ್ಷ ನನ್ನ ಪ್ರಾಣ ತಿಂದೆ. ಈಗ ಒಪ್ಪಿದ್ಮೇಲೆ ಮೀನಿನ ಬಾಣಂತನ ಮಾಡ್ತೀಯಾ?"

ಕಾಯುವುದೂ ಸುಲಭವಾಗಿರಲಿಲ್ಲ. ಕಡಲು ಕೆರಳುವ ಕಾಲ ಹತ್ತಿರವಾಗುತ್ತಿತ್ತು. ದೋಣಿ ಅಲ್ಲೇ ಒಡೆದರೆ ಹಲಗೆ, ಕಬ್ಬಿಣ, ಮೊಳೆ ಎಲ್ಲ ಹುಲ್ಲಿನ ಮೇಲೆ ಚೆಲ್ಲಿಹೋಗುತ್ತಿತ್ತು. ತಮ್ಮನಿಗೆ ನಿದ್ದೆ ಹತ್ತಲಿಲ್ಲ. ಅಣ್ಣನಂತೂ ರೇಗಿದ ಮರುದಿನದಿಂದಲೇ ಇದೇ ಕಲ್ಲಿನ ಮೇಲೆ ಕಾವಲು ಕೂತರು. ಗಾಳ ಹಾಕಲು ಬಂದವರನ್ನೆಲ್ಲ ಓಡಿಸಿದರು.

ಇಂದು ಮತ್ತೆ ಹುಣ್ಣಿಮೆಯ ಉಬ್ಬರ. ಮೋಡ ಕಟ್ಟುತ್ತಿದೆ. ಮುಳುಗುಮಾವ ನೀರಿನಿಂದ ಕೈ ಮೇಲೆತ್ತುತ್ತಾರೆ. ಬೆರಳಿನಲ್ಲಿ ಒಡೆದ ಸಿಪ್ಪೆಗಳು ಅಂಟಿಕೊಂಡಿವೆ.

"ಖಾಲಿ, ಅಣ್ಣ. ಎಲ್ಲಾ ಮರಿಯಾಗಿ ಹೋಗಿವೆ."

ಅಣ್ಣ ಕಲ್ಲಿನಿಂದ ಏಳುತ್ತಾರೆ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಮೊದಲ ಡ್ರಮ್ಮನ್ನು ತಾವೇ ಕಟ್ಟುತ್ತಾರೆ. ಬಿಸಿಲೇರುವ ಹೊತ್ತಿಗೆ ನೀರು ಏರುತ್ತದೆ. ದೋಣಿ ಒಮ್ಮೆ ನರಳಿ, ಕೆಸರು ಬಿಟ್ಟು ಮೇಲೇಳುತ್ತದೆ. ಮುಳುಗುಮಾವ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಕೂತು ಮೆಲ್ಲಗೆ ಜಗ್ಗಿದರೆ, ಅಣ್ಣ ಹಿಂದೆ ತೇಲಿಬರುವ ದೋಣಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದಾರೆ. ಎಂಜಿನ್ ಇಲ್ಲದಿದ್ದರೇನು, ದೋಣಿ ಅವರದು.

ದಡ ಸೇರಿದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮುಳುಗುಮಾವ ತಲೆ ಕೆರೆದುಕೊಳ್ಳುತ್ತಾರೆ. "ಅಲ್ಲಿ ಹುಲ್ಲು ಬಂದ್ಮೇಲೆ ಅಣ್ಣ ಇನ್ನೊಂದ್ಸಲ ಮುಳುಗಿ ನೋಡ್ಬೇಕು. ಅಷ್ಟೇ."

ಖಾಲಿಯಾದ ನೀರನ್ನೇ ನೋಡುತ್ತಿದ್ದ ಅಣ್ಣ ತಿರುಗದೆ ಹೇಳುತ್ತಾರೆ: "ಕನ್ನಡಕ ನನ್ನ ಹತ್ರಾನೇ ಇರ್ಲಿ ಬಿಡು."